ಪಹಣಿಯ ಲೇಖನಿ ಯಾರ ಕೈಯಲ್ಲಿ: ಕರ್ನಾಟಕದ ಭೂದಾಖಲೆ ಮತ್ತು ಸರ್ಕಾರಿ ಗಣಕಾಡಳಿತ

ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ಕಂಪ್ಯೂಟರ್ ಬಂದ ಬಗೆಯನ್ನು ವಿವರಿಸುವ ಬರಹಗಳು ಸಾಮಾನ್ಯವಾಗಿ ಬೆಂಗಳೂರಿನ ತಂತ್ರಾಂಶ ಉದ್ಯಮದಿಂದ, ಇಲ್ಲವೇ ರಾಜ್ಯ ಸರ್ಕಾರ 1997ರಲ್ಲಿ ಪ್ರಕಟಿಸಿದ ಮಾಹಿತಿ ತಂತ್ರಜ್ಞಾನ ನೀತಿಯಿಂದ ಆರಂಭವಾಗುತ್ತವೆ. ಈ ಆರಂಭ ತಪ್ಪಲ್ಲವಾದರೂ ಸಾಲದು. ಏಕೆಂದರೆ ಹಳ್ಳಿಗಾಡಿನ ಕುಟುಂಬಗಳನ್ನು ನೇರವಾಗಿ ಮುಟ್ಟಿದ ಗಣಕೀಕರಣ ನಡೆದದ್ದು ಕಂದಾಯ ಇಲಾಖೆಯಲ್ಲಿ, ಅದರಲ್ಲೂ ಪಹಣಿ ಎಂಬ ಒಂದು ಹಾಳೆಯ ಸುತ್ತ. ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಒಡೆಯನ ಹೆಸರು, ಜಮೀನಿನ ಮೇಲಿನ ಹಕ್ಕು ಮತ್ತು ಋಣಗಳು, ಸಾಗುವಳಿ ಮಾಡುವವನ ಹೆಸರು, ಬೆಳೆದ ಬೆಳೆ, ಇವೆಲ್ಲವನ್ನೂ ಅಂಕಣಗಳಲ್ಲಿ ದಾಖಲಿಸುವ ಈ ಹಾಳೆಯನ್ನು ಕಾನೂನು ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ ಎಂದು ಕರೆಯುತ್ತದೆ. ರೈತರು ಅದನ್ನು ಪಹಣಿ ಅಥವಾ ಆರ್‌ಟಿಸಿ ಎನ್ನುತ್ತಾರೆ. ಬ್ಯಾಂಕಿನ ಸಾಲಕ್ಕೆ, ಬೆಳೆ ವಿಮೆಗೆ, ನ್ಯಾಯಾಲಯದ ದಾವೆಗೆ, ಅಣ್ಣತಮ್ಮಂದಿರ ಪಾಲುಪಟ್ಟಿಗೆ ಎಲ್ಲಕ್ಕೂ ಬೇಕಾದ ಈ ಹಾಳೆಯನ್ನು ಬರೆಯುವ ಅಧಿಕಾರ ಯಾರದು, ಆ ಬರಹ ಎಲ್ಲಿ ಇರತಕ್ಕದ್ದು ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಸರ್ಕಾರಿ ಮಾಹಿತಿ ತಂತ್ರಜ್ಞಾನದ ಆಡಳಿತವೆಂಬ ಹೊಸ ವೃತ್ತಿ ಈ ನಾಡಿನಲ್ಲಿ ರೂಪ ಪಡೆದದ್ದು ಬಹುಮಟ್ಟಿಗೆ ಆ ಹಳೆಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಗ್ರಾಮದ ಭೂಮಿಯ ಲೆಕ್ಕ ಎಂದರೆ ಶಾನುಭೋಗನ ಲೆಕ್ಕ. ಹಳೆಯ ಮೈಸೂರು ಸೀಮೆಯಲ್ಲಿ ಶಾನುಭೋಗನೆಂದೂ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕುಲಕರ್ಣಿಯೆಂದೂ ಕರೆಯಲ್ಪಡುತ್ತಿದ್ದ ಈ ವಂಶಪಾರಂಪರ್ಯದ ಅಧಿಕಾರಿ, ಗ್ರಾಮದ ಮುಖ್ಯಸ್ಥನಾದ ಪಟೇಲ ಅಥವಾ ಗೌಡನ ಜೊತೆಯಲ್ಲಿ ಕಂದಾಯ ವಸೂಲಿಯ ಹೊಣೆ ಹೊರುತ್ತಿದ್ದನು. ಅದಕ್ಕೆ ಪ್ರತಿಯಾಗಿ ಇನಾಂ ಜಮೀನನ್ನೂ ಇತರ ಆಯಗಳನ್ನೂ ಅನುಭವಿಸುತ್ತಿದ್ದನು. ಅವನು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಈ ಕಪ್ಪು ಪುಸ್ತಕದ ಗುಣವೆಂದರೆ ಬೇಕಾದಾಗ ಅಳಿಸಿ ತಿದ್ದಬಹುದಾಗಿದ್ದುದು, ದೋಷವೆಂದರೂ ಅದೇ. ಯಾವ ಹೊಲ ಯಾರ ವಶದಲ್ಲಿದೆ, ಯಾವುದು ಬೀಳುಬಿದ್ದಿದೆ, ಯಾರು ಎಷ್ಟು ಬಾಕಿ ಎಂಬುದು ಅವನ ಕಡತದಲ್ಲಿ ಅರ್ಧ, ಅವನ ನೆನಪಿನಲ್ಲಿ ಅರ್ಧ ಇರುತ್ತಿತ್ತು. ಸರ್ಕಾರ ಬದಲಾದರೂ ಶಾನುಭೋಗ ಬದಲಾಗುತ್ತಿರಲಿಲ್ಲವಾದ್ದರಿಂದ, ಹೊಸದಾಗಿ ಬಂದ ಪ್ರತಿಯೊಂದು ಆಡಳಿತವೂ ಮೊದಲು ಅವನ ಬಾಗಿಲಿಗೇ ಬರಬೇಕಾಗುತ್ತಿತ್ತು.

ಈ ಅವಲಂಬನೆಯನ್ನು ಮುರಿಯಲು ಮಾಡಿದ ಮೊದಲ ವ್ಯವಸ್ಥಿತ ಪ್ರಯತ್ನ ಕಂದಾಯ ಸರ್ವೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದ ನಡುವಿನಲ್ಲಿ ಪುಣೆಯ ಬಳಿಯ ಇಂದಾಪುರದಲ್ಲಿ ಆರಂಭಿಸಿ 1847ರ ಜಂಟಿ ವರದಿಯಲ್ಲಿ ನಿಯಮಬದ್ಧಗೊಳಿಸಿದ ಮುಂಬಯಿ ಪದ್ಧತಿ, 1840ರ ದಶಕದಲ್ಲಿ ಧಾರವಾಡದ ಸೀಮೆಗೂ 1863ರಿಂದ ಮೈಸೂರು ಸಂಸ್ಥಾನಕ್ಕೂ ಬಂದಿತು. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದು ಬೌರಿಂಗ್ ಆ ಸ್ಥಾನದಲ್ಲಿದ್ದನು. ಸರ್ವೆಯವರ ಸರಪಳಿಯ ಉದ್ದ 33 ಅಡಿ. ಆ ಒಂದು ಸರಪಳಿಯ ಚದರವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ; ಅಂಥ 40 ಗುಂಟೆಗೆ ಒಂದು ಎಕರೆ. ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿದಂತೆ ಮಣ್ಣಿನ ಗುಣವನ್ನೂ ಆಣೆಯ ಲೆಕ್ಕದಲ್ಲಿ ವರ್ಗೀಕರಿಸಿ, ಪ್ರತಿ ಹೊಲಕ್ಕೂ ಒಂದು ನಂಬರು ಕೊಟ್ಟು, ಗಡಿಗೆ ಕಲ್ಲು ನೆಟ್ಟು, ಕಂದಾಯದ ದರವನ್ನು 30 ವರ್ಷಗಳ ಕಾಲ ಬದಲಾಗದಂತೆ ನಿಗದಿ ಮಾಡುವುದು ಈ ಪದ್ಧತಿಯ ಸಾರ. ಇದರಿಂದ ಹೊಲದ ಗುರುತು ಶಾನುಭೋಗನ ಮಾತಿನಿಂದ ಬಿಡುಗಡೆ ಹೊಂದಿ ಸರ್ಕಾರದ ನಕ್ಷೆಗೆ ಸೇರಿತು. ಅಳತೆಯ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯವನ್ನು ತಿಳಿಸುವ ಆಕಾರಬಂದು, ಉಪವಿಭಾಗ ಮಾಡುವ ಪೋಡಿ, ಸಾಗುವಳಿಗೆ ಒದಗದ ಖರಾಬು ಮುಂತಾದ ಹೆಸರುಗಳು ಸರ್ವೆ ಇಲಾಖೆಯಲ್ಲಿ ಇಂದಿಗೂ ದಿನಬಳಕೆಯಲ್ಲಿವೆ. ಆದರೆ ಸರ್ವೆ ಹೇಳಿದ್ದು ಹೊಲ ಎಷ್ಟು ದೊಡ್ಡದು, ಅದರ ಕಂದಾಯವೆಷ್ಟು ಎಂಬುದನ್ನು ಮಾತ್ರ. ಕಂದಾಯ ಕಟ್ಟುವವನೇ ಒಡೆಯನೆಂದು ಭಾವಿಸಿ ಮುಂದೆ ಹೋದ ಆ ವ್ಯವಸ್ಥೆಯಲ್ಲಿ ಅಡಮಾನ, ಗೇಣಿ, ಪಾಲು ಮೊದಲಾದ ಹಕ್ಕುಗಳಿಗೆ ಸ್ಥಳವಿರಲಿಲ್ಲ. ಆ ಕೊರತೆ ನೀಗಿಸಲು ಮುಂಬಯಿ ಪ್ರಾಂತ್ಯದಲ್ಲಿ 1903ರಲ್ಲಿ ಹಕ್ಕು ದಾಖಲೆಯ ಕಾನೂನು ಬಂದಿತು. ದಾಖಲೆಯನ್ನು ದಿನದಿನಕ್ಕೆ ಹೊಸದಾಗಿ ಇಡುವ ಕೆಲಸ ಮಾತ್ರ ಮತ್ತೆ ಗ್ರಾಮದ ಲೆಕ್ಕಿಗನಿಗೇ ಬಿದ್ದಿತು.

1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಹುಟ್ಟಿದಾಗ ಕಂದಾಯ ಇಲಾಖೆಯ ಕೈಗೆ ಬಂದದ್ದು ಒಂದು ದಾಖಲೆಯಲ್ಲ, ಐದು ಆಡಳಿತಗಳ ಐದು ಬಗೆಯ ದಾಖಲೆಗಳು. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿದ್ದವು, ಹೈದರಾಬಾದ್ ಕರ್ನಾಟಕದವು ಉರ್ದುವಿನಲ್ಲಿದ್ದವು. ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡದಲ್ಲಿ ವರ್ಗದ ಪದ್ಧತಿ ಮತ್ತು ಅಡಂಗಲ್, ಕೊಡಗಿನಲ್ಲಿ ಜಮ್ಮಾ ಹಿಡುವಳಿ ಇದ್ದವು. ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯನ್ನು 1961ರಲ್ಲಿ ಅಂಗೀಕರಿಸಿ 1963ರಲ್ಲಿ ಜಾರಿಗೆ ತಂದು ಶಾನುಭೋಗಿಕೆ ಮತ್ತು ಪಟೇಲಿಕೆಗಳನ್ನು ಕೊನೆಗಾಣಿಸಲಾಯಿತು. ಅವರ ಸ್ಥಾನಕ್ಕೆ ಸಂಬಳ ಪಡೆಯುವ, ವರ್ಗಾವಣೆಗೆ ಒಳಪಡುವ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ನಮೂನೆಯ ಪಹಣಿಯನ್ನು ಕೊಟ್ಟಿತು. ಲೇಖನಿಯನ್ನು ವಂಶದ ಕೈಯಿಂದ ಬಿಡಿಸಿಕೊಂಡ ಈ ಸುಧಾರಣೆ ಅದನ್ನು ಗ್ರಾಮದಿಂದ ಬಿಡಿಸಲಿಲ್ಲ ಎಂಬುದನ್ನು ಮುಂದಿನ ದಶಕಗಳು ತೋರಿಸಿದವು.

ಅದಕ್ಕೆ ದೊಡ್ಡ ನಿದರ್ಶನ ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯ ಮುಂದೆ ತಾನು ಗೇಣಿದಾರನೆಂದು ಸಿದ್ಧಪಡಿಸಬೇಕಾಗಿತ್ತು. ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರಿದ್ದರೆ ಹನ್ನೆರಡನೆಯ ಅಂಕಣದಲ್ಲಿ ಸಾಗುವಳಿದಾರನ ಹೆಸರಿರುತ್ತದೆ. ಆದುದರಿಂದ ಹಿಂದಿನ ವರ್ಷಗಳಲ್ಲಿ ಆ ಹನ್ನೆರಡನೆಯ ಅಂಕಣದಲ್ಲಿ ಏನು ಬರೆದಿತ್ತು ಎಂಬುದು ಅನೇಕ ಕುಟುಂಬಗಳ ಭವಿಷ್ಯವನ್ನು ನಿರ್ಧರಿಸುವ ಸಾಕ್ಷ್ಯವಾಯಿತು. ಗ್ರಾಮ ಲೆಕ್ಕಿಗ ಬೆಳೆ ಪರಿಶೀಲನೆಗೆಂದು ಹೊಲಕ್ಕೆ ಹೋಗಿ ಬರೆದನೋ, ಕಚೇರಿಯಲ್ಲಿ ಕುಳಿತು ಹಿಂದಿನ ವರ್ಷದ್ದನ್ನೇ ನಕಲು ಮಾಡಿದನೋ, ಜಮೀನುದಾರನ ಜಗಲಿಯ ಮೇಲೆ ಕುಳಿತು ಬರೆದನೋ ಎಂಬುದನ್ನು ತಿಳಿಯುವ ಮಾರ್ಗ ಮೇಲಧಿಕಾರಿಗಳಿಗೆ ಇರಲಿಲ್ಲ. ಶತಮಾನದ ಕೊನೆಯ ಹೊತ್ತಿಗೆ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದು, ಒಬ್ಬೊಬ್ಬನ ಸುಪರ್ದಿಯಲ್ಲಿ ಮೂರು ನಾಲ್ಕು ಗ್ರಾಮಗಳ ಪಹಣಿ ಪುಸ್ತಕಗಳಿದ್ದವು. ಪಹಣಿಯ ನಕಲು ಬೇಕಾದ ರೈತ ಅವನನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಕೈಬಿಸಿ ಮಾಡದೆ ನಕಲು ಸಿಗುವುದು ಅಪರೂಪವಾಗಿತ್ತು.

ಇಷ್ಟರಲ್ಲಿ ದೆಹಲಿಯಲ್ಲಿ ಬೇರೊಂದು ಪರಂಪರೆ ಬೆಳೆಯುತ್ತಿತ್ತು. 1970ರ ದಶಕದ ನಡುಭಾಗದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಡನೆ ಸ್ಥಾಪನೆಯಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ಸರ್ಕಾರದೊಳಗೇ ಇದ್ದುಕೊಂಡು ಸರ್ಕಾರಕ್ಕಾಗಿ ತಂತ್ರಾಂಶ ರಚಿಸುವ ಸಂಸ್ಥೆಯಾಗಿ ರೂಪುಗೊಂಡಿತು. ಅದನ್ನು ಕಟ್ಟಿ ಬಹುಕಾಲ ಮುನ್ನಡೆಸಿದ ಎನ್. ಶೇಷಗಿರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಗಣಕೀಕರಣವನ್ನು ಎನ್‌ಐಸಿ ನಿರ್ವಹಿಸಿದ ಮೇಲೆ ಆ ಸಂಸ್ಥೆಯ ಮಾತಿಗೆ ರಾಜಕೀಯ ವಲಯದಲ್ಲಿ ತೂಕ ಬಂದಿತು. 1980ರ ದಶಕದ ಕೊನೆಯಲ್ಲಿ ನಿಕ್‌ನೆಟ್ ಎಂಬ ಉಪಗ್ರಹ ಜಾಲದ ಮೂಲಕ ದೇಶದ ಜಿಲ್ಲಾ ಕೇಂದ್ರಗಳನ್ನು ಜೋಡಿಸುವ ಕೆಲಸ ನಡೆಯಿತು. 1998ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಾಹಿತಿ ತಂತ್ರಜ್ಞಾನದ ರಾಷ್ಟ್ರೀಯ ಕಾರ್ಯಪಡೆಯ ಸಂಚಾಲಕರೂ ಶೇಷಗಿರಿಯವರೇ. ಯಂತ್ರದ ತಿಳಿವಳಿಕೆ, ಕಚೇರಿಯ ನಿರ್ವಹಣೆ ಮತ್ತು ನೀತಿ ರಚನೆ ಈ ಮೂರನ್ನೂ ಒಬ್ಬನೇ ಮಾಡುವ ಸರ್ಕಾರಿ ವೃತ್ತಿಗೆ ಭಾರತದಲ್ಲಿ ಶೇಷಗಿರಿಯವರಿಗಿಂತ ಮೊದಲಿನ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಅವರ ಸಂಸ್ಥೆಯಲ್ಲಿ ಹುದ್ದೆಯ ಹೆಸರೇ ವಿಜ್ಞಾನಿ. ಜಿಲ್ಲಾಧಿಕಾರಿಯ ಕಚೇರಿಯ ಒಂದು ಕೋಣೆಯಲ್ಲಿ ಕುಳಿತು ಪಿಂಚಣಿ, ಚುನಾವಣೆ, ಪಡಿತರಗಳ ಲೆಕ್ಕಕ್ಕೆ ತಂತ್ರಾಂಶ ಹೊಂದಿಸುವ ನೌಕರನೂ ಕಾಗದದ ಮೇಲೆ ವಿಜ್ಞಾನಿಯೇ.

ಭೂದಾಖಲೆಗಳ ಗಣಕೀಕರಣವೆಂಬ ಕೇಂದ್ರ ಯೋಜನೆ 1988-89ರಲ್ಲಿ ಎಂಟು ರಾಜ್ಯಗಳ ಎಂಟು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದ ಸರದಿ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯ ಮೂಲಕ ಬಂದಿತು, 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಈ ಹಂತ ವಿಫಲವಾಯಿತು, ಆ ವೈಫಲ್ಯದ ಕಾರಣ ತಾಂತ್ರಿಕವಾಗಿರಲಿಲ್ಲ. ಕಂಪ್ಯೂಟರುಗಳನ್ನು ಜಿಲ್ಲಾ ಕೇಂದ್ರದಲ್ಲಿ ಇಡಲಾಯಿತು; ಖಾತೆ ಬದಲಾವಣೆ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ ಮತ್ತು ಹಳ್ಳಿಯಲ್ಲಿ. ಒಂದು ತಾಲ್ಲೂಕಿನ ಪಹಣಿಗಳನ್ನು ದಾಖಲಿಸಿ ಮುಗಿಸುವಷ್ಟರಲ್ಲಿ ಮೊದಲು ದಾಖಲಿಸಿದ ಊರುಗಳ ವಿವರ ಹಳತಾಗಿರುತ್ತಿತ್ತು, ಗ್ರಾಮ ಲೆಕ್ಕಿಗನ ಕೈಬರಹದ ಪುಸ್ತಕವೇ ಅಧಿಕೃತವಾಗಿ ಉಳಿದಿದ್ದರಿಂದ ಕಂಪ್ಯೂಟರಿನ ಪ್ರತಿಯನ್ನು ಯಾರೂ ಕೇಳುತ್ತಿರಲಿಲ್ಲ. ಸರ್ಕಾರಿ ಗಣಕೀಕರಣದ ಅನೇಕ ಯೋಜನೆಗಳು ಇಂದಿಗೂ ಹೀಗೆಯೇ ಸಾಯುತ್ತವೆ: ಹಳೆಯ ದಾರಿಯನ್ನು ಮುಚ್ಚುವ ಧೈರ್ಯವಿಲ್ಲದೆ ಅದರ ಪಕ್ಕದಲ್ಲಿ ಹೊಸದೊಂದನ್ನು ತೆರೆದರೆ ಜನವೂ ನೌಕರರೂ ಹಳೆಯದರಲ್ಲೇ ನಡೆಯುತ್ತಾರೆ.

ಆ ಧೈರ್ಯವೇ ‘ಭೂಮಿ’ ಯೋಜನೆಯ ನಿಜವಾದ ಹೊಸತನ. 1990ರ ದಶಕದ ಕೊನೆಯಲ್ಲಿ ಕಂದಾಯ ಇಲಾಖೆ ಕೈಗೊಂಡು, ಎಸ್. ಎಂ. ಕೃಷ್ಣ ಅವರ ಸರ್ಕಾರದ ಅವಧಿಯಲ್ಲಿ ರಾಜ್ಯವ್ಯಾಪಿಯಾದ ಈ ಯೋಜನೆಗೆ ತಂತ್ರಾಂಶ ರಚಿಸಿದ್ದು ಎನ್‌ಐಸಿಯ ಬೆಂಗಳೂರು ಘಟಕ. ಆಡಳಿತದ ನೇತೃತ್ವ ವಹಿಸಿದ್ದು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಆಗಿನ 177 ತಾಲ್ಲೂಕುಗಳಲ್ಲಿ ಖಾಸಗಿ ಸಂಸ್ಥೆಗಳ ಕೈಯಿಂದ ಗಣಕಕ್ಕೆ ಸೇರಿಸಲಾಯಿತು. ಮುದ್ರಿತ ಪ್ರತಿಯನ್ನು ಮೂಲದೊಡನೆ ತಾಳೆ ನೋಡಿ ಸರಿಯಿದೆಯೆಂದು ಸಹಿ ಹಾಕುವ ಹೊಣೆಯನ್ನು ಗ್ರಾಮ ಲೆಕ್ಕಿಗನಿಗೆ ಹೊರಿಸಲಾಯಿತು. ಅಂದರೆ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ಯಂತ್ರದ ತಲೆಗೆ ಕಟ್ಟುವ ಅವಕಾಶ ಅವನಿಗೆ ಉಳಿಯಲಿಲ್ಲ. ಈ ಕೆಲಸ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ಮುಂದೆ ಸಿಂಧುವಲ್ಲವೆಂದು ಸರ್ಕಾರ ಅಧಿಸೂಚನೆ ಹೊರಡಿಸಿತು. ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿಗೆ ಬಂದವು. ಹದಿನೈದು ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಪಡೆಯಬಹುದಾಗಿತ್ತು. ಕೌಂಟರಿನಲ್ಲಿ ಅರ್ಜಿದಾರನ ಕಡೆಗೂ ಒಂದು ಪರದೆ ತಿರುಗಿತ್ತು. 2002ರ ಹೊತ್ತಿಗೆ ಈ ಬದಲಾವಣೆ ಬಹುತೇಕ ಇಡೀ ರಾಜ್ಯವನ್ನು ವ್ಯಾಪಿಸಿತು.

ಪಹಣಿಯ ವಿತರಣೆಗೆ ದೊರೆತಷ್ಟು ಹೊಗಳಿಕೆ ಅದರ ತಿದ್ದುಪಡಿಯ ವಿಧಾನಕ್ಕೆ ದೊರೆಯಲಿಲ್ಲವಾದರೂ, ಹೆಚ್ಚಿನ ವಿಚಾರ ನಡೆದಿದ್ದು ಅಲ್ಲಿಯೇ. ಕ್ರಯ, ದಾನ, ವಿಭಾಗ ಅಥವಾ ಒಡೆಯನ ಮರಣದಿಂದ ಹಕ್ಕು ಬದಲಾದಾಗ ಪಹಣಿಯಲ್ಲಿ ಹೆಸರು ಬದಲಿಸುವ ಕ್ರಿಯೆಗೆ ಮ್ಯುಟೇಷನ್ ಎನ್ನುತ್ತಾರೆ. ಮರಣದಿಂದ ಬಂದದ್ದಾದರೆ ಅದು ಪೌತಿ ಖಾತೆ. ಕಾಯಿದೆಯ ಪ್ರಕಾರ ಇದಕ್ಕೆ ಮೊದಲು ಗ್ರಾಮದ ಚಾವಡಿಯಲ್ಲಿ ನೋಟಿಸು ಅಂಟಿಸಿ, ಸಂಬಂಧಪಟ್ಟವರಿಗೆ ತಿಳಿಸಿ, ತಕರಾರು ಬಂದರೆ ವಿಚಾರಣೆ ನಡೆಸಬೇಕು. ಹಿಂದೆ ಈ ಅರ್ಜಿಗಳು ಗ್ರಾಮ ಲೆಕ್ಕಿಗ ಮತ್ತು ಕಂದಾಯ ನಿರೀಕ್ಷಕರ ಮರ್ಜಿಗೆ ತಕ್ಕಂತೆ ಮುಂದೆ ಸಾಗುತ್ತಿದ್ದವು. ಭೂಮಿ ತಂತ್ರಾಂಶದಲ್ಲಿ ಅರ್ಜಿಯನ್ನು ಕೌಂಟರಿನಲ್ಲಿ ಕೊಟ್ಟು ಕ್ರಮಸಂಖ್ಯೆ ಪಡೆಯಬೇಕಾಯಿತು, ನೋಟಿಸನ್ನು ಯಂತ್ರವೇ ಮುದ್ರಿಸಿತು, ಮೊದಲು ಬಂದದ್ದನ್ನು ಮೊದಲು ಮುಗಿಸಬೇಕೆಂಬ ಸರದಿಯನ್ನು ಮುರಿಯಲಾಗದಂತೆ ನಿಯಮ ಮಾಡಲಾಯಿತು, ಕಂದಾಯ ನಿರೀಕ್ಷಕನ ಆದೇಶದ ಪ್ರತಿಯನ್ನು ಸ್ಕ್ಯಾನ್ ಮಾಡಿ ಇಡಲಾಯಿತು. ದಾಖಲೆಗೆ ಕೈ ಹಚ್ಚುವ ಪ್ರತಿಯೊಬ್ಬ ಅಧಿಕಾರಿಯೂ ಗುಪ್ತಪದದ ಬದಲು ಬೆರಳಚ್ಚು ಕೊಟ್ಟು ಒಳಹೋಗಬೇಕಾಗಿದ್ದುದು ಆ ದಿನಗಳಲ್ಲಿ ಅಪರೂಪದ ಏರ್ಪಾಡು. ಗುಪ್ತಪದವನ್ನು ಗುಮಾಸ್ತನಿಗೆ ಹೇಳಿ ಮನೆಗೆ ಹೋಗಬಹುದು, ಬೆರಳನ್ನು ಬಿಟ್ಟು ಹೋಗಲಾಗುವುದಿಲ್ಲ.

ಕೌಂಟರಿನ ಹಿಂದೆ ಯಾರನ್ನು ಕೂರಿಸಬೇಕೆಂಬ ಪ್ರಶ್ನೆಗೆ ಇಲಾಖೆ ಕೊಟ್ಟ ಉತ್ತರವೂ ವಿಚಾರಾರ್ಹ. ಹೊರಗಿನ ಗಣಕ ತಜ್ಞರನ್ನು ನೇಮಿಸದೆ, ಗ್ರಾಮ ಲೆಕ್ಕಿಗರ ಪೈಕಿ ಕಿರಿಯರಾದ ಸುಮಾರು ಸಾವಿರ ಮಂದಿಯನ್ನು ಆರಿಸಿ ತರಬೇತಿ ನೀಡಲಾಯಿತು. ಲೇಖನಿ ಕಳೆದುಕೊಂಡ ವರ್ಗದ ಒಂದು ಭಾಗವೇ ಹೀಗೆ ಹೊಸ ವ್ಯವಸ್ಥೆಯ ಪಾಲುದಾರವಾದದ್ದರಿಂದ ಒಳಗಿನ ಪ್ರತಿರೋಧ ಸಂಘಟಿತವಾಗಲಿಲ್ಲ. ಜಿಲ್ಲೆಗಳಲ್ಲಿ ಸಲಹೆಗಾರರು, ಬೆಂಗಳೂರಿನಲ್ಲಿ ಭೂಮಿ ಉಸ್ತುವಾರಿ ಕೋಶ, ಎನ್‌ಐಸಿಯಲ್ಲಿ ತಂತ್ರಾಂಶ ತಂಡ, ಇವುಗಳ ನಡುವೆ ಕಂದಾಯ ಕಾನೂನನ್ನೂ ತಂತ್ರಾಂಶದ ಮಿತಿಯನ್ನೂ ಒಟ್ಟಿಗೆ ಬಲ್ಲ ಹೊಸ ಬಗೆಯ ನೌಕರವರ್ಗ ರೂಪುಗೊಂಡಿತು. ಚಾವ್ಲಾ ಅವರ ವೃತ್ತಿಜೀವನವೂ ಐಎಎಸ್‌ನ ವಾಡಿಕೆಗೆ ಹೊರತಾದದ್ದು. ಒಂದೆರಡು ವರ್ಷಕ್ಕೊಮ್ಮೆ ಇಲಾಖೆ ಬದಲಾಗುವ ಸೇವೆಯಲ್ಲಿ ಅವರು ಭೂದಾಖಲೆಯ ಹೊಣೆಯನ್ನು ದೀರ್ಘಕಾಲ ಬಿಡದೆ ಹೊತ್ತರು, ಜೊತೆಯಲ್ಲಿ ರಾಜ್ಯದ ಇ-ಆಡಳಿತ ಇಲಾಖೆಯನ್ನೂ ನಡೆಸಿದರು. ಶಾನುಭೋಗಿಕೆಯನ್ನು ರದ್ದುಪಡಿಸಿದ ರಾಜ್ಯ ದಾಖಲೆಯ ಒಡೆತನ ಒಬ್ಬನ ಕೈಯಲ್ಲಿ ಬಹುಕಾಲ ನಿಲ್ಲಬಾರದೆಂದು ಬಯಸಿತ್ತು. ಅದೇ ರಾಜ್ಯದ ಅತ್ಯಂತ ಯಶಸ್ವಿ ಗಣಕ ಯೋಜನೆ ಒಬ್ಬ ಅಧಿಕಾರಿ ಬಹುಕಾಲ ಒಂದೇ ಕುರ್ಚಿಯಲ್ಲಿ ನಿಂತದ್ದರಿಂದ ಗೆದ್ದಿತು. ವರ್ಗಾವಣೆಯನ್ನು ಆಡಳಿತದ ಮುಖ್ಯ ಸಾಧನವೆಂದು ನಂಬಿದವರು ಈ ವಿಚಿತ್ರವನ್ನು ಗಮನಿಸಿದಂತೆ ಕಾಣುವುದಿಲ್ಲ.

ಭೂಮಿಯ ಕೀರ್ತಿ ಬೇಗ ಹರಡಿತು. ವಿಶ್ವಬ್ಯಾಂಕಿನ ಪ್ರಕಟಣೆಗಳಲ್ಲಿ ಅದು ಮಾದರಿಯಾಗಿ ಕಾಣಿಸಿಕೊಂಡಿತು, ಬೇರೆ ರಾಜ್ಯಗಳ ಅಧಿಕಾರಿಗಳು ನೋಡಲು ಬಂದರು. ಗಂಭೀರ ಆಕ್ಷೇಪವೂ ಬಂದಿತು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ವಾದವೆಂದರೆ, ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋದದ್ದರಿಂದ ಭ್ರಷ್ಟಾಚಾರವೂ ಮೇಲಕ್ಕೆ ಹೋಯಿತು, ಮತ್ತು ಬೆಂಗಳೂರಿನ ಸುತ್ತಮುತ್ತ ಯಾವ ಜಮೀನು ಯಾರದೆಂಬುದನ್ನು ಸುಲಭವಾಗಿ ತಿಳಿಯುವ ಅನುಕೂಲ ಸಣ್ಣ ರೈತನಿಗಿಂತ ದೊಡ್ಡ ಭೂವ್ಯವಹಾರದವರಿಗೆ ಹೆಚ್ಚಾಗಿ ಒದಗಿತು ಎಂಬುದು. ಈ ಆಕ್ಷೇಪವನ್ನು ಇಡಿಯಾಗಿ ಒಪ್ಪದವರೂ ಅದರ ಒಂದು ಅಂಶವನ್ನು ಅಲ್ಲಗಳೆಯಲಾರರು. ಗ್ರಾಮ ಲೆಕ್ಕಿಗನ ಪುಸ್ತಕ ಊರಿನವರ ಕಣ್ಣಳತೆಯಲ್ಲಿತ್ತು, ತಪ್ಪು ಬರೆದರೆ ಜಗಳ ಮಾಡಲು ಅವನು ಕೈಗೆ ಸಿಗುತ್ತಿದ್ದನು. ತಾಲ್ಲೂಕಿನ ಯಂತ್ರದಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಅದನ್ನು ತಿದ್ದಿಸಲು ರೈತ ಅರ್ಜಿ, ಸರದಿ, ಆದೇಶಗಳ ಪೂರ್ಣ ಪ್ರದಕ್ಷಿಣೆ ಹಾಕಬೇಕು. ಕೈಬರಹದ ಪುಸ್ತಕದಲ್ಲಿದ್ದ ಹಳೆಯ ತಪ್ಪುಗಳು ಗಣಕಕ್ಕೂ ಹಾಗೆಯೇ ಹತ್ತಿದ್ದವು, ಮುದ್ರಿತ ಅಕ್ಷರದ ಗೌರವ ಅವಕ್ಕೂ ದೊರೆಯಿತು.

ಇನ್ನೊಂದು ಕೊರತೆ ನಕ್ಷೆಯದು. ಭೂಮಿ ಗಣಕೀಕರಿಸಿದ್ದು ಪಹಣಿಯ ಅಂಕಣಗಳನ್ನು. ಸರ್ವೆ ಇಲಾಖೆಯ ಟಿಪ್ಪಣಿ ಮತ್ತು ನಕ್ಷೆಗಳು ಆ ಹೊತ್ತಿನಲ್ಲಿ ಅದರ ಹೊರಗೆ ಉಳಿದವು. ಒಂದೇ ಸರ್ವೆ ನಂಬರಿನಲ್ಲಿ ಹಲವರ ಹೆಸರು ಸೇರಿ, ಯಾರ ಭಾಗ ಎಲ್ಲಿದೆ ಎಂಬುದು ಅಳತೆಯಾಗದೆ, ಪೋಡಿ ಆಗದೆ ಉಳಿದ ಜಮೀನುಗಳು ರಾಜ್ಯದಲ್ಲಿ ಅಪಾರ. ಪಹಣಿಗಳ ಒಟ್ಟು ವಿಸ್ತೀರ್ಣ ಆಕಾರಬಂದಿಗೆ ತಾಳೆಯಾಗದ ಪ್ರಕರಣಗಳನ್ನು ಯಂತ್ರ ಬಯಲಿಗೆ ತಂದಿತೇ ಹೊರತು ಬಗೆಹರಿಸಲಿಲ್ಲ, ಏಕೆಂದರೆ ಬಗೆಹರಿಸಲು ಮತ್ತೆ ಸರಪಳಿ ಹಿಡಿದು ಹೊಲಕ್ಕೇ ಹೋಗಬೇಕು. ಸರ್ವೆ ಕೆಲಸಕ್ಕಾಗಿ ಮುಂದೆ ಬಂದ ಮೋಜಿಣಿ ತಂತ್ರಾಂಶ, ಜಮೀನಿನ ಒಂದು ಭಾಗವನ್ನು ಮಾರುವ ಮುನ್ನ ಅಳತೆಯಾಗಿ ನಕ್ಷೆ ಇರತಕ್ಕದ್ದೆಂಬ 11ಇ ನಿಯಮ, 2003ರ ಕೊನೆಯಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಗೆ ಬಂದ ಕಾವೇರಿ ತಂತ್ರಾಂಶವನ್ನು ಭೂಮಿಯೊಡನೆ ಜೋಡಿಸಿ ಕ್ರಯಪತ್ರ ನೋಂದಣಿಯಾದೊಡನೆ ಮ್ಯುಟೇಷನ್ ತಾನಾಗಿ ಆರಂಭವಾಗುವಂತೆ ಮಾಡಿದ ಏರ್ಪಾಡು, ಇವೆಲ್ಲ ಈ ಬಿರುಕನ್ನು ಮುಚ್ಚುವ ಪ್ರಯತ್ನಗಳು. 2006ರ ಹೊತ್ತಿಗೆ ಹೋಬಳಿ ಮಟ್ಟದಲ್ಲಿ ಪಹಣಿ ಮುಂತಾದವನ್ನು ನೀಡುವ, ಖಾಸಗಿ ಪಾಲುದಾರಿಕೆಯ ನೆಮ್ಮದಿ ಕೇಂದ್ರಗಳು ತೆರೆದವು. ಮುಂದೆ ಅವುಗಳ ಕೆಲಸ ಅಟಲ್‌ಜಿ ಜನಸ್ನೇಹಿ ಹೆಸರಿನಲ್ಲಿ ಸರ್ಕಾರದ ನಾಡಕಚೇರಿಗಳಿಗೆ ಮರಳಿತು. ಗ್ರಾಮ ಲೆಕ್ಕಿಗನ ಹುದ್ದೆಗೂ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು ಬಂದಿದೆ.

ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಭೂದಾಖಲೆ ಆಧುನೀಕರಣದ ರಾಷ್ಟ್ರೀಯ ಕಾರ್ಯಕ್ರಮ, ಒಡೆತನವನ್ನು ಸರ್ಕಾರವೇ ಖಾತರಿಪಡಿಸುವ ವ್ಯವಸ್ಥೆಯತ್ತ ಸಾಗುವುದು ತನ್ನ ಗುರಿಯೆಂದು ಹೇಳಿಕೊಂಡಿತು. ಆದರೆ ಕರ್ನಾಟಕದ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣ ಹೇಳುವುದು ಇಷ್ಟೇ: ಹಕ್ಕು ದಾಖಲೆಯ ನಮೂದನ್ನು, ಅದು ಸುಳ್ಳೆಂದು ಸಾಬೀತಾಗುವವರೆಗೆ ಅಥವಾ ಕಾನೂನುರೀತ್ಯ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸತಕ್ಕದ್ದು. ಬಳಪದಿಂದ ಬರೆದಿರಲಿ, ಬೆರಳಚ್ಚು ಒತ್ತಿ ಬರೆದಿರಲಿ, ಪಹಣಿ ಕಾನೂನಿನ ದೃಷ್ಟಿಯಲ್ಲಿ ಒಡೆತನದ ಅಂತಿಮ ಪತ್ರವಾಗಿಲ್ಲ. ಒಡೆತನದ ವಿವಾದ ಹುಟ್ಟಿದಲ್ಲಿ ತೀರ್ಮಾನ ಇಂದಿಗೂ ಸಿವಿಲ್ ನ್ಯಾಯಾಲಯದ್ದೇ.